ಹೊಸಿಲಿನ ಬಾಡಿಗೆ

ಥಾಯ್ಲೆಂಡಿನಲ್ಲಿ ನೆಲೆಸಿರುವ ವಿದೇಶೀಯನೊಬ್ಬ ತನ್ನ ವಾಸದ ಅವಧಿಯನ್ನು ಇನ್ನೊಂದು ವರ್ಷ ಮುಂದುವರಿಸಿಕೊಳ್ಳಲು ಕಟ್ಟುವ ಶುಲ್ಕ 1,900 ಬಹ್ತ್. ಅದೇ ವರ್ಷದಲ್ಲಿ ಮನಸ್ಸು ಬಂದಾಗಲೆಲ್ಲ ಹೊರಗೆ ಹೋಗಿ ಮರಳಿ ಬರುವ ಅನುಮತಿ ಬೇಕೆಂದರೆ ಕಟ್ಟಬೇಕಾದದ್ದು 3,800 ಬಹ್ತ್. ಇರುವುದಕ್ಕೆ ಎಷ್ಟೋ, ಇಲ್ಲದಿರುವುದಕ್ಕೆ ಅದರ ಎರಡರಷ್ಟು. ಒಂದೇ ಸಲ ಹೋಗಿ ಬರುವುದಾದರೆ ಸಾವಿರ ಬಹ್ತ್ ಸಾಕು, ನಮ್ಮ ಲೆಕ್ಕದಲ್ಲಿ ಎರಡೂವರೆ-ಮೂರು ಸಾವಿರ ರೂಪಾಯಿ. ಹೀಗಾಗಿ ವರ್ಷಕ್ಕೆ ಮೂರು ಸಲ ಊರಿಗೆ ಹೋಗುವವರು ಬಿಡಿಬಿಡಿಯಾಗಿ ಕೊಳ್ಳಬೇಕು, ನಾಲ್ಕನೆಯ ಸಲಕ್ಕೂ ಆಸೆಯಿದ್ದವರು ಸಗಟಿನಲ್ಲಿ ಕೊಳ್ಳಬೇಕು. ನಾಲ್ಕನೆಯ ಪ್ರಯಾಣದಲ್ಲಿ ಉಳಿತಾಯ ಇನ್ನೂರು ಬಹ್ತ್. ತಾಯ್ನಾಡಿನ ಮೇಲಿನ ಪ್ರೀತಿಗೆ ಸಿಗುವ ರಿಯಾಯಿತಿ ಅಷ್ಟು. ಈ ಅನುಮತಿಗೆ ರೀ-ಎಂಟ್ರಿ ಪರ್ಮಿಟ್ ಎಂದು ಹೆಸರು. ಬೆಂಗಳೂರಿನಲ್ಲಿ ಹನ್ನೊಂದು ತಿಂಗಳ ಕರಾರು ಬರೆಸಿ, ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೊಟ್ಟು ಮನೆ ಹಿಡಿದವರಿಗೆ ಓನರು ಬಂದು, ‘ಹಾಲು ತರಲು ಗೇಟು ದಾಟಿದರೆ ಕರಾರು ರದ್ದು, ದಾಟುವ ಮೊದಲು ದುಡ್ಡು ಕಟ್ಟಿ ಚೀಟಿ ಪಡೆದಿದ್ದರೆ ಪರವಾಗಿಲ್ಲ’ ಎಂದರೆ ಹೇಗಿರುತ್ತದೋ ಹಾಗೆ. ನಮ್ಮ ಓನರುಗಳಿಗೆ ಈ ಉಪಾಯ ಇನ್ನೂ ಹೊಳೆದಿಲ್ಲ. ಹೊಳೆಯದೇ ಇರಲಿ.

ಪರ್ಮಿಟ್ಟಿನ ವ್ಯವಹಾರ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಅಸಂಬದ್ಧ ಇರುವುದು ವಿವರದಲ್ಲಿ. ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಹೊರಹೋಗುವವರ ಪಾಸ್‌ಪೋರ್ಟ್ ತಪಾಸಣೆಯ ಬಳಿ ಇದಕ್ಕೆಂದೇ ಒಂದು ಕೌಂಟರಿದೆ. ಟಿಎಂ 8 ಎಂಬ ಅರ್ಜಿಯಲ್ಲಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಯಾವಾಗ ಬಂದೆ, ಯಾವಾಗ ಹೋಗುತ್ತೇನೆ, ಯಾಕೆ ಮರಳುತ್ತೇನೆ ಎಲ್ಲವನ್ನೂ ಬರೆಯಬೇಕು. ನಾಲ್ಕು ಸೆಂಟಿಮೀಟರು ಅಗಲ, ಆರು ಸೆಂಟಿಮೀಟರು ಎತ್ತರದ ಫೋಟೋ ಅಂಟಿಸಬೇಕು. ಎದುರಿನ ಅಧಿಕಾರಿಯ ಕಂಪ್ಯೂಟರಿನಲ್ಲಿ ಅರ್ಜಿದಾರನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಬಂದ ದಿನಾಂಕ ಮತ್ತು ಮುಖ ನಾಲ್ಕೂ ಮೊದಲೇ ಇರುತ್ತವೆ. ಹೊರಡುವವನು ಆ ಮುಖವನ್ನೇ ಹೊತ್ತು ಅವರ ಎದುರು ನಿಂತಿರುತ್ತಾನೆ. ಆದರೂ ಫೋಟೋ ಬೇಕು. ಸಾವಿರದ ನೋಟು ಆ ಕಡೆಗೆ ಹೋಗುತ್ತದೆ, ಪಾಸ್‌ಪೋರ್ಟಿನಲ್ಲಿ ಒಂದು ಮೊಹರು ಬೀಳುತ್ತದೆ. ಆ ಮೊಹರು ಕೊಡುವುದೇನು? ಒಂದು ದಿನವನ್ನೂ ಹೆಚ್ಚಿಗೆ ಕೊಡುವುದಿಲ್ಲ. ಹೋಗುವ ಮೊದಲು ವಾಸಕ್ಕೆ ಯಾವ ತಾರೀಖಿನವರೆಗೆ ಅನುಮತಿ ಇತ್ತೋ ಮರಳಿದ ಮೇಲೂ ಅದೇ ತಾರೀಖು. ಇದ್ದದ್ದನ್ನು ಇರಗೊಡುವುದಕ್ಕೆ ಈ ಶುಲ್ಕ. ಮೊಹರಿಲ್ಲದೆ ವಿಮಾನ ಹತ್ತಿದರೋ, ನಿವೃತ್ತಿಯ ಹಣದಲ್ಲಿ ಎಂಟು ಲಕ್ಷ ಬಹ್ತನ್ನು ಅಲ್ಲಿನ ಬ್ಯಾಂಕಿನಲ್ಲಿಟ್ಟು, ಪುರಾವೆ ತೋರಿಸಿ, ವರ್ಷಕ್ಕೆಂದು ಪಡೆದಿದ್ದ ಅನುಮತಿ ವಿಮಾನ ನೆಲ ಬಿಡುವ ಹೊತ್ತಿಗೆ ಸತ್ತಿರುತ್ತದೆ. ವಾರ ಬಿಟ್ಟು ಮರಳಿದಾಗ ಅದೇ ಊರಿನಲ್ಲಿ ಮನೆ, ನಾಯಿ, ಸ್ಕೂಟರು, ದಂತವೈದ್ಯ ಎಲ್ಲ ಇದ್ದರೂ ಆತ ಪ್ರವಾಸಿ. ಸಮುದ್ರ ನೋಡಲು ಬಂದವರ ಸಾಲಿನಲ್ಲಿ ನಿಂತು ಮತ್ತೆ ಅ-ಆ-ಇ-ಈ ಇಂದ ಶುರು ಮಾಡಬೇಕು.

ನನ್ನ ವಾದ ಇಷ್ಟೇ: ಈ ಪರ್ಮಿಟ್ಟು ಗಡಿಯನ್ನು ಕಾಯುವುದೇ ಇಲ್ಲ. ಗಡಿ ಕಾಯುವ ಕೆಲಸವೆಲ್ಲ ಮರಳಿ ಬಂದಾಗಿನ ಕೌಂಟರಿನಲ್ಲಿ ನಡೆಯುತ್ತದೆ. ಪಾಸ್‌ಪೋರ್ಟ್ ನಿಜವೇ, ಬೆರಳಚ್ಚು ಹೊಂದುತ್ತದೆಯೇ, ಹೆಸರು ಕಪ್ಪುಪಟ್ಟಿಯಲ್ಲಿದೆಯೇ ಎಂಬುದನ್ನು ಪರ್ಮಿಟ್ ಇದ್ದವನಿಗೂ ಇಲ್ಲದವನಿಗೂ ಒಂದೇ ರೀತಿ ನೋಡುತ್ತಾರೆ. ಪರ್ಮಿಟ್ ಹಿಡಿದು ಬಂದ ಖದೀಮನನ್ನು ಒಳಗೆ ಬಿಡುವುದೂ ಇಲ್ಲ. ಹಾಗಾದರೆ ಅದು ಮಾಡುವ ಕೆಲಸ ಯಾವುದು? ಒಂದು ಊಹೆಯನ್ನು ತಿರುವುಮುರುವು ಮಾಡುವುದು. ಮನೆ ಮಾಡಿಕೊಂಡು, ಸಂಬಳ ತೆಗೆದುಕೊಳ್ಳುತ್ತ, ತೆರಿಗೆ ಕಟ್ಟುತ್ತ ಇರುವ ಮನುಷ್ಯ ಊರಿಗೆ ಹೊರಟರೆ ಲೋಕದಲ್ಲಿ ಯಾರೇ ಆದರೂ ‘ಬರುತ್ತಾನೆ’ ಎಂದುಕೊಳ್ಳುತ್ತಾರೆ. ಪೇಪರಿನ ಹುಡುಗ ಹಾಗೆ ಅಂದುಕೊಳ್ಳುತ್ತಾನೆ, ಕಿರಾಣಿ ಅಂಗಡಿಯವನು ಸಾಲದ ಪುಸ್ತಕದಲ್ಲಿ ಹೆಸರನ್ನು ಹಾಗೇ ಇಟ್ಟುಕೊಳ್ಳುತ್ತಾನೆ. ಕಾನೂನೊಂದೇ ‘ತೊಲಗಿದ’ ಎಂದುಕೊಳ್ಳುತ್ತದೆ; ಹಾಗಲ್ಲ ಎನ್ನಬೇಕಾದರೆ ಮೊದಲೇ ಬರೆದು ಕೊಟ್ಟು ದುಡ್ಡು ಕಟ್ಟಬೇಕು. ಈ ಊಹೆಯಿಂದ ಆಳುವವರಿಗೆ ಮೂರು ಬಗೆಯ ಅನುಕೂಲ ಇದೆ. ಖಜಾನೆಯ ಲೆಕ್ಕದಲ್ಲಿ ಅದೊಂದು ಆದಾಯ, ಮಾಲೀಕನ ಲೆಕ್ಕದಲ್ಲಿ ಒಂದು ಹಗ್ಗ, ಸಿಟ್ಟು ಬಂದಾಗ ಒಂದು ಬೆತ್ತ. ಮೂರಕ್ಕೂ ಸಾಕ್ಷಿ ಇದೆ. ಊಹೆಯನ್ನು ಸರಿಯಾದ ದಿಕ್ಕಿಗೆ ತಿರುಗಿಸಿದ ದೇಶಗಳೂ ಇವೆ, ಅಲ್ಲಿ ಆಕಾಶ ಕಳಚಿ ಬಿದ್ದಿಲ್ಲ.

ಮೊದಲು ಜಪಾನ್. 2012ರ ಜುಲೈ 9ರವರೆಗೆ ಅಲ್ಲಿಯೂ ನೆಲೆಸಿದ ವಿದೇಶೀಯರೆಲ್ಲ ವಲಸೆ ಕಚೇರಿಗೆ ಹೋಗಿ, ಕಂದಾಯ ಸ್ಟಾಂಪು ಕೊಂಡು, ಅರ್ಜಿಗೆ ಅಂಟಿಸಿ ಮರುಪ್ರವೇಶದ ಪರವಾನಗಿ ಪಡೆಯಬೇಕಿತ್ತು. ಒಂದು ಸಲಕ್ಕೆ 3,000 ಯೆನ್, ಹಲವು ಸಲಕ್ಕೆ 6,000. ಆ ದಿನದಿಂದ ಒಂದು ವರ್ಷದೊಳಗೆ ಮರಳುವವರಿಗೆ ಪರವಾನಗಿ ಇದೆಯೆಂದೇ ಭಾವಿಸುವ ಪದ್ಧತಿ ಬಂತು. ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಕೊಡುವ ಚೀಟಿಯಲ್ಲಿ ಒಂದು ಸಣ್ಣ ಚೌಕ ಇರುತ್ತದೆ. ತಾತ್ಕಾಲಿಕವಾಗಿ ಹೋಗುತ್ತಿದ್ದೇನೆ, ಮರಳಿ ಬರುತ್ತೇನೆ ಎಂಬ ಸಾಲಿನ ಮುಂದೆ. ಅದಕ್ಕೊಂದು ಗೀಟು ಹಾಕಿ, ನಿವಾಸದ ಕಾರ್ಡು ತೋರಿಸಿದರೆ ಆಯಿತು. ದುಡ್ಡಿಲ್ಲ, ಫೋಟೋ ಇಲ್ಲ, ಯಾಕೆ ಮರಳುತ್ತೀ ಎಂಬ ಪ್ರಶ್ನೆಯೂ ಇಲ್ಲ. ಗೀಟು ಹಾಕಲು ಮರೆತರೆ ಅಷ್ಟೂ ಹೋಯಿತು ಎಂಬುದು ನಿಜ, ಜಪಾನು ಪೂರ್ತಿ ಬದಲಾಗಲು ಇನ್ನೂ ಸಮಯ ಬೇಕು. ಆದರೂ ದಶಕಗಳ ಕಾಲ ದೇಶದ ಭದ್ರತೆಗೆ ಅತ್ಯಗತ್ಯವೆನಿಸಿದ್ದ, ಕಚೇರಿಗಳಲ್ಲಿ ಉದ್ದುದ್ದ ಸಾಲುಗಳನ್ನು ಸಾಕಿದ್ದ ಒಂದು ವ್ಯವಸ್ಥೆಯ ಜಾಗದಲ್ಲಿ ಬಾಲ್‌ಪೆನ್ನಿನ ಒಂದು ಗೀಟು ಕೂತಿತು. ಆಗ ಅಲ್ಲಿದ್ದ ವಿದೇಶೀಯರು ಇಪ್ಪತ್ತು ಲಕ್ಷ ಚಿಲ್ಲರೆ. 2024ರ ಕೊನೆಗೆ ಮೂವತ್ತೇಳು ಲಕ್ಷ ದಾಟಿತ್ತು. ಎಲ್ಲರೂ ಹೋಗಿ ಬಂದು ಮಾಡುತ್ತಲೇ ಇದ್ದಾರೆ, ರೈಲುಗಳು ಸಮಯಕ್ಕೆ ಸರಿಯಾಗಿ ಓಡುತ್ತಿವೆ. ಒಂದು ಗೀಟಿನಿಂದ ಮುಗಿಯುವ ಕೆಲಸಕ್ಕೆ ಅಷ್ಟು ವರ್ಷ ಅಷ್ಟು ಜನ ಸ್ಟಾಂಪು ನೆಕ್ಕಿದ್ದು ಯಾಕೆ ಎಂದು ಕೇಳಿದರೆ, ಉತ್ತರ ಆ ವರ್ಷಗಳ ಕೋರ್ಟಿನ ಕಡತಗಳಲ್ಲಿದೆ.

1980ರ ದಶಕದಲ್ಲಿ ಜಪಾನಿನಲ್ಲಿ ನೆಲೆಸಿದ ವಿದೇಶೀಯರು ನೋಂದಣಿಗಾಗಿ ಬೆರಳಚ್ಚು ಕೊಡಬೇಕಿತ್ತು. ಕಳ್ಳರ ಹಾಗೆ ನಾವೇಕೆ ಕೊಡಬೇಕು ಎಂದು ಸಾವಿರಾರು ಜನ, ಅದರಲ್ಲೂ ಅಲ್ಲಿಯೇ ಹುಟ್ಟಿ ಬೆಳೆದ ಕೊರಿಯನ್ನರು, ನಿರಾಕರಿಸಿದರು. ನಿರಾಕರಿಸಿದವರಿಗೆ ಕಾನೂನಿನಲ್ಲಿ ದಂಡ ಇತ್ತು, ಅದು ಒಪ್ಪತಕ್ಕದ್ದೇ. ಆದರೆ ಅದರ ಜೊತೆಗೆ ಮರುಪ್ರವೇಶದ ಪರವಾನಗಿಯನ್ನೂ ತಡೆಹಿಡಿಯುವ ಜಾಣತನ ಅಧಿಕಾರಿಗಳಿಗೆ ಹೊಳೆಯಿತು. ಜಪಾನೀಯರೊಬ್ಬರನ್ನು ಮದುವೆಯಾಗಿ ಅಲ್ಲಿಯೇ ಸಂಸಾರ ಹೂಡಿದ್ದ ಅಮೆರಿಕದ ಕ್ಯಾಥ್ಲೀನ್ ಮೊರಿಕಾವಾ ಪಕ್ಕದ ಕೊರಿಯಾಕ್ಕೆ ಹೋಗಿ ಬರುತ್ತೇನೆ ಎಂದು ಅರ್ಜಿ ಹಾಕಿದರು, ಸಿಗಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ದೇಶದಲ್ಲಿ ವಾಸಿಸುವ ವಿದೇಶೀಯರಿಗೆ ಹೊರಗೆ ಹೋಗಿ ಮರಳುವ ಸ್ವಾತಂತ್ರ್ಯವನ್ನು ಸಂವಿಧಾನ ಕೊಟ್ಟಿಲ್ಲ ಎಂದು 1992ರ ನವೆಂಬರಿನಲ್ಲಿ ತೀರ್ಪಾಯಿತು. ಪಿಯಾನೋ ವಾದಕಿ ಚೊಯ್ ಸುನ್-ಎ ಅವರದು ಇನ್ನೂ ವಿಚಿತ್ರ. ಜಪಾನಿನಲ್ಲೇ ಹುಟ್ಟಿದವರು, ಅಲ್ಲಿಯೇ ಶಾಶ್ವತವಾಗಿ ಇರುವ ಹಕ್ಕಿದ್ದವರು. ಬೆರಳಚ್ಚು ಕೊಡದೆ, ಪರವಾನಗಿ ಸಿಗದೆ, 1986ರಲ್ಲಿ ಅಮೆರಿಕಕ್ಕೆ ಓದಲು ಹೋದರು. ಮರಳಿದಾಗ ಹುಟ್ಟಿದೂರಿನಲ್ಲಿ ಅವರು ಹೊಸದಾಗಿ ಬಂದ ವಿದೇಶೀಯಳು. 1998ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ಸಂಸತ್ತು ಕಾನೂನನ್ನೇ ತಿದ್ದಿದ ಮೇಲೆ 2000ದಲ್ಲಿ ಹಕ್ಕು ಮರಳಿತು. ಆ ಹೊತ್ತಿಗೆ ಬೆರಳಚ್ಚಿನ ಆ ಪದ್ಧತಿಯೇ ರದ್ದಾಗಿತ್ತು. ಗಡಿ ಕಾಯುವ ಸಾಧನವೆಂದು ಇಟ್ಟುಕೊಂಡದ್ದು ಪಿಯಾನೋ ನುಡಿಸುವ ಬೆರಳುಗಳ ಮೇಲೆ ಹದಿನಾಲ್ಕು ವರ್ಷ ಯುದ್ಧ ಮಾಡಿತು. ಪರ್ಮಿಟ್ಟು ಇಲ್ಲದಿದ್ದರೆ ಆ ಬೆತ್ತ ಕೈಗೆ ಸಿಗುತ್ತಲೇ ಇರಲಿಲ್ಲ.

ಇಲ್ಲಿ ಒಬ್ಬ ಆಕ್ಷೇಪಕ ಎದ್ದು ನಿಲ್ಲುತ್ತಾನೆ, ನಿಲ್ಲಬೇಕು ಕೂಡ. ‘ಸ್ವಾಮಿ, ಈ ಊಹೆಯನ್ನು ನೀವು ಹೇಳಿದ ಹಾಗೆ ತಿರುಗಿಸಿದರೆ ವಾಸದ ಅನುಮತಿಯನ್ನು ಜೇಬಿನಲ್ಲಿಟ್ಟುಕೊಂಡು ಇನ್ನೆಲ್ಲೋ ಸಂಸಾರ ಹೂಡುವವರನ್ನು ಏನು ಮಾಡುತ್ತೀರಿ? ಸೀಟಿನ ಮೇಲೆ ಟವೆಲು ಹಾಕಿ ನಾಪತ್ತೆಯಾಗುವವರಿಗೆ ದೇಶ ಸೀಟು ಹಿಡಿದು ಕೂರಬೇಕೇ?’ ಸರಿಯಾದ ಮಾತು. ಹಾಗೆ ಮಾಡುವವರು ಇದ್ದಾರೆ, ನಮ್ಮವರಲ್ಲಿ ಕೊಂಚ ಹೆಚ್ಚೇ ಇದ್ದಾರೆ. ಅದಕ್ಕೆ ಮದ್ದು ಗಡಿಯಾರ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಮಾಮೂಲಿ ನಿವಾಸ ವೀಸಾ ಇದ್ದವರಿಗೆ ಹೊರಡುವಾಗ ಯಾರನ್ನೂ ಕೇಳುವ ಕೆಲಸವಿಲ್ಲ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವೀಸಾ ತಾನಾಗಿ ಬೀಳುತ್ತದೆ, ಅಷ್ಟೇ. ಅಮೆರಿಕದ ಗ್ರೀನ್ ಕಾರ್ಡಿನವರಿಗೆ ಒಂದು ವರ್ಷದವರೆಗಿನ ಗೈರುಹಾಜರಿಗೆ ಯಾವ ಪರ್ಮಿಟ್ಟೂ ಬೇಡ. ಅದನ್ನು ಮೀರುವ ಕಾರಣವಿದ್ದವರು, ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳಲು ಬರುವವರೋ ಕಂಪನಿ ಕಳಿಸಿದವರೋ, ಐ-131 ಎಂಬ ಅರ್ಜಿ ಹಾಕಿ ಎರಡು ವರ್ಷದ ರೀ-ಎಂಟ್ರಿ ಪರ್ಮಿಟ್ ಪಡೆಯುತ್ತಾರೆ. ಪಾಸ್‌ಪೋರ್ಟಿನಂಥದ್ದೇ ಪುಟ್ಟ ಪುಸ್ತಕ. ಅರ್ಜಿ ಹಾಕುವಾಗ ಅರ್ಜಿದಾರ ಅಮೆರಿಕದಲ್ಲೇ ಇರಬೇಕು, ಬೆರಳಚ್ಚಿಗೂ ಹಾಜರಾಗಬೇಕು. ಹೀಗಾಗಿ ದೀರ್ಘಕಾಲ ಹೊರಗಿರಲು ಅನುಮತಿ ಬೇಡುವವರು ಅದಕ್ಕೆಂದೇ ದೀರ್ಘಕಾಲ ಒಳಗೆ ಕಾಯುತ್ತಾರೆ. ಕೈಗೆ ಬಂದ ಪುಸ್ತಕವೂ ಪ್ರವೇಶಕ್ಕೆ ಖಾತರಿಯಲ್ಲ. ಇದರಲ್ಲಿ ನಗು ಬರುವ ಅಂಶ ಇದ್ದರೂ ಅನ್ಯಾಯ ಕಡಿಮೆ, ಏಕೆಂದರೆ ಊಹೆ ಸರಿಯಾದ ಕಡೆಗಿದೆ. ವರ್ಷದವರೆಗೆ ನಂಬಿಕೆ, ಆಮೇಲೆ ವಿಚಾರಣೆ. ಟವೆಲು ಹಾಕಿ ಹೋದವರಿಗೂ ಕಾಲುಗಂಟೆ ಕಾಯುವುದು ನಮ್ಮ ಕೆಂಪು ಬಸ್ಸಿನ ನ್ಯಾಯ ಕೂಡ.

ಸೌದಿ ಅರೇಬಿಯಾದ್ದು ಬೇರೆಯೇ ಕಥೆ, ಮತ್ತು ಅದರಲ್ಲಿ ಮಂಗಳೂರು, ಉಡುಪಿ, ಭಟ್ಕಳದ ಪಾತ್ರಧಾರಿಗಳು ಬೇಕಾದಷ್ಟು. ಅಲ್ಲಿ ಇಕಾಮಾ ಎಂಬ ನಿವಾಸದ ಪರವಾನಗಿ ಇದ್ದವರು ಊರಿಗೆ ಬರಬೇಕಾದರೆ ‘ಎಕ್ಸಿಟ್ ರೀ-ಎಂಟ್ರಿ’ ಆಗಬೇಕು. ಹೋಗುವುದು ಬರುವುದು ಎರಡನ್ನೂ ಒಂದೇ ಚೀಟಿಯಲ್ಲಿ ಕಟ್ಟಿದ್ದಾರೆ. ಎರಡು ತಿಂಗಳಿಗೆ 200 ರಿಯಾಲ್, ಮೇಲಿನ ಪ್ರತಿ ತಿಂಗಳಿಗೆ ಇನ್ನೂ ನೂರು. ಆದರೆ ಕರಾವಳಿಯವರ ಮಾತಿನಲ್ಲಿ ರಿಯಾಲಿನ ಪ್ರಸ್ತಾಪ ಕಡಿಮೆ, ‘ಕಫೀಲ್ ಕೊಟ್ಟನಾ?’ ಎಂಬ ಪ್ರಶ್ನೆಯೇ ಹೆಚ್ಚು. ಏಕೆಂದರೆ ಬಹುಕಾಲ ಆ ಚೀಟಿ ತೆಗೆಸುವ ಅಧಿಕಾರ ಇದ್ದದ್ದು ಕೆಲಸಕ್ಕಿಟ್ಟುಕೊಂಡ ಕಫೀಲನ ಬಳಿ. ತಂಗಿಯ ಮದುವೆ, ಅಪ್ಪನ ಆಪರೇಷನ್, ಮಗುವಿನ ಮುಖ ನೋಡುವುದು, ಎಲ್ಲಕ್ಕೂ ಅವನ ಮನಸ್ಸು ಕರಗಬೇಕು. ಕರಗಿ ಬಂದವರು ಹೇಳಿದ ದಿನಕ್ಕೆ ಮರಳದಿದ್ದರೆ ಮೂರು ವರ್ಷ ಬೇರೆ ಕೆಲಸಕ್ಕೆ ಆ ದೇಶಕ್ಕೆ ಕಾಲಿಡುವಂತಿಲ್ಲ ಎಂಬ ನಿಯಮವೂ ಬಹಳ ಕಾಲ ಇತ್ತು. ಊರಿನಲ್ಲಿ ಗಲ್ಫಿನವರ ರಜೆಗೆ ಒಂದು ವಿಶೇಷ ಚಡಪಡಿಕೆ ಇರುವುದಕ್ಕೆ ಇದೂ ಒಂದು ಕಾರಣ. ಬಂದ ಮರುದಿನವೇ ನೆಂಟರು ‘ಯಾವಾಗ ವಾಪಸ್?’ ಎಂದು ಕೇಳುವುದು ಕೇವಲ ನೆಂಟರ ಸ್ವಭಾವವಲ್ಲ. 2021ರ ಮಾರ್ಚಿನಿಂದ ಖಾಸಗಿ ಕಂಪನಿಗಳ ಕೆಲಸಗಾರರು ಮಾಲೀಕನನ್ನು ಕೇಳದೆ ಅಬ್‌ಶೆರ್ ಎಂಬ ಸರ್ಕಾರಿ ಆ್ಯಪಿನಲ್ಲಿ ತಾವೇ ಚೀಟಿ ತೆಗೆಯುವಂತಾಯಿತು. ದೊಡ್ಡ ಸುಧಾರಣೆ, ಹೊಗಳೋಣ. ಆದರೆ ಮನೆಕೆಲಸದವರು, ಮನೆಯ ಡ್ರೈವರುಗಳು, ತೋಟದ ಕೆಲಸದವರು, ಕುರಿಗಾಹಿಗಳು ಅದರಿಂದ ಹೊರಗೆ ಉಳಿದರು. ದೇಶದ ಭದ್ರತೆಗೆ ಇಂಜಿನಿಯರನಿಗಿಂತ ಕುರಿಗಾಹಿ ಹೆಚ್ಚು ಅಪಾಯಕಾರಿ ಎಂದು ಯಾರಾದರೂ ವಾದಿಸಿದರೆ ಕೇಳಲು ನಾನು ಸಿದ್ಧ. ಅಲ್ಲಿಯವರೆಗೆ, ಹಗ್ಗ ಇರುವುದು ಗಡಿಗಾಗಿ ಅಲ್ಲ, ಮನೆಯಲ್ಲಿ ಪಾತ್ರೆ ತೊಳೆಯುವವರು ಹೋಗಿಬಿಟ್ಟರೆ ಎಂಬ ಭಯಕ್ಕಾಗಿ ಎಂದೇ ತಿಳಿಯಬೇಕಾಗುತ್ತದೆ. ರಿಯಾದ್‌ನಿಂದ ದುಬೈಗೆ ವಿಮಾನದಲ್ಲಿ ಎರಡು ಗಂಟೆಯ ದಾರಿ. ಒಂದೇ ಮರಳು, ಒಂದೇ ಬಿಸಿಲು, ಅದೇ ಮಂಗಳೂರಿನವರು. ಒಂದು ಕಡೆ ಚೀಟಿ ಬೇಕು, ಇನ್ನೊಂದು ಕಡೆ ಆರು ತಿಂಗಳ ಗಡಿಯಾರ ಸಾಕು.

ಎರಡನೆಯ ಆಕ್ಷೇಪಕ ವ್ಯವಹಾರಸ್ಥ. ‘ಇಷ್ಟೆಲ್ಲ ರಾಮಾಯಣ ಯಾಕೆ? ಸಾವಿರ ಬಹ್ತ್ ಏನು ಮಹಾ, ವಿಮಾನ ನಿಲ್ದಾಣದಲ್ಲಿ ಎರಡು ಕಾಫಿ, ಒಂದು ಸ್ಯಾಂಡ್‌ವಿಚ್ಚಿನ ದುಡ್ಡಿನ ಆಸುಪಾಸು. ಕಟ್ಟಿ ಹೋಗಿ.’ ಕಟ್ಟುತ್ತಾರೆ, ಪಾಪ, ಎಲ್ಲರೂ ಕಟ್ಟುತ್ತಲೇ ಇದ್ದಾರೆ. ಆದರೆ ದುಡ್ಡೇ ಉದ್ದೇಶವಾದರೆ ವರ್ಷದ ಶುಲ್ಕಕ್ಕೆ ಸೇರಿಸಿ ಒಟ್ಟಿಗೆ ವಸೂಲು ಮಾಡಬಹುದಲ್ಲ? ಹಾಗೆ ಮಾಡಲು ಆ ದೇಶಕ್ಕೆ ಬರುತ್ತದೆ ಎಂಬುದಕ್ಕೆ ಸಾಕ್ಷಿಯೂ ಅಲ್ಲೇ ಇದೆ. 2022ರ ಸೆಪ್ಟೆಂಬರಿನಲ್ಲಿ ಥಾಯ್ಲೆಂಡ್ ಸಿರಿವಂತರು, ತಜ್ಞರು ಮುಂತಾದವರಿಗಾಗಿ ಹತ್ತು ವರ್ಷದ ಒಂದು ವೀಸಾ ಹೊರಡಿಸಿತು. ಶುಲ್ಕ 50,000 ಬಹ್ತ್. ಅದರಲ್ಲಿ ಎಷ್ಟು ಸಲ ಬೇಕಾದರೂ ಮರಳುವ ಅನುಮತಿ ಮೊದಲೇ ಸೇರಿದೆ. ಉಳಿದವರು ತೊಂಬತ್ತು ದಿನಕ್ಕೊಮ್ಮೆ ‘ಇಲ್ಲೇ ಇದ್ದೇನೆ’ ಎಂದು ವರದಿ ಒಪ್ಪಿಸಬೇಕು, ಇವರು ವರ್ಷಕ್ಕೊಮ್ಮೆ ಒಪ್ಪಿಸಿದರೆ ಸಾಕು. ಭದ್ರತೆಯ ಭಯ ಬ್ಯಾಂಕ್ ಬ್ಯಾಲೆನ್ಸ್ ಏರಿದಂತೆ ಇಳಿಯುವುದಾದರೆ ಅದನ್ನು ಭದ್ರತೆ ಎನ್ನುವುದು ಕಷ್ಟ. ಅದೇ ದೇಶ ಶಾಶ್ವತ ನಿವಾಸವನ್ನು ಒಂದೊಂದು ರಾಷ್ಟ್ರೀಯತೆಗೆ ವರ್ಷಕ್ಕೆ ನೂರು ಜನರಿಗಿಂತ ಹೆಚ್ಚು ಕೊಡುವುದಿಲ್ಲ. ವರ್ಷಗಟ್ಟಲೆ ದುಡಿದು, ಥಾಯ್ ಭಾಷೆ ಕಲಿತು, ಸಂದರ್ಶನ ದಾಟಿ ಆ ನೂರರಲ್ಲಿ ಒಬ್ಬರಾದವರಿಗೂ ಹೊರಗೆ ಹೋಗುವ ಮೊದಲು ಮೊಹರು ಬೇಕು. ಇಲ್ಲದಿದ್ದರೆ ಶಾಶ್ವತ ಎಂಬುದು ವಿಮಾನ ಹತ್ತುವವರೆಗೆ ಮಾತ್ರ.

ಪರ್ಮಿಟ್ ಎಂಬ ಹೆಸರೇ ಇಲ್ಲದೆ ಅದೇ ಕೆಲಸ ಮಾಡುವ ವ್ಯವಸ್ಥೆಗಳೂ ಇವೆ, ಕನ್ನಡಿಗರ ಮನೆಗಳಲ್ಲಿ ಅತಿ ಹೆಚ್ಚು ಚರ್ಚೆಯಾಗುವುದು ಅಂಥ ಒಂದು. ಅಮೆರಿಕದಲ್ಲಿ ಎಚ್-1ಬಿ ಮೇಲೆ ದುಡಿಯುವವರಿಗೆ ಅಲ್ಲಿ ಇರುವ ಅನುಮತಿ ಬೇರೆ, ಪಾಸ್‌ಪೋರ್ಟಿನಲ್ಲಿನ ವೀಸಾ ಸ್ಟಾಂಪು ಬೇರೆ. ಮೊದಲನೆಯದನ್ನು ಅಲ್ಲಿದ್ದೇ ಮುಂದುವರಿಸಿಕೊಳ್ಳಬಹುದು. ಎರಡನೆಯದು ಮುಗಿದಿದ್ದರೂ ಇರುವುದಕ್ಕೆ ಅಡ್ಡಿಯಿಲ್ಲ, ಹೊರಗೆ ಕಾಲಿಟ್ಟರೆ ಮಾತ್ರ ಹೊಸ ಸ್ಟಾಂಪಿಲ್ಲದೆ ಮರಳುವಂತಿಲ್ಲ. ಆ ಸ್ಟಾಂಪನ್ನು ಹೊರಗೇ ಹಾಕಿಸಬೇಕು. ಹಿಂದೆ ಅಮೆರಿಕದೊಳಗೇ ಹಾಕಿಸುವ ಅವಕಾಶವಿತ್ತು, 2004ರ ಜುಲೈನಲ್ಲಿ ಅದನ್ನು ನಿಲ್ಲಿಸಿದರು. 2024ರ ಜನವರಿಯಲ್ಲಿ ಇಪ್ಪತ್ತು ಸಾವಿರ ಜನಕ್ಕೆಂದು ಪ್ರಯೋಗಾರ್ಥ ಮತ್ತೆ ತೆರೆದು, ಕೆಲವೇ ವಾರದಲ್ಲಿ ಮುಚ್ಚಿದರು. ಹೀಗಾಗಿ ಹತ್ತಾರು ವರ್ಷದಿಂದ ಅಲ್ಲೇ ಮನೆ ಕಟ್ಟಿ, ಹಿತ್ತಲಲ್ಲಿ ಕರಿಬೇವು ಬೆಳೆಸಿ, ಮಕ್ಕಳಿಗೆ ಕನ್ನಡ ಶಾಲೆ ನಡೆಸುತ್ತಿರುವವರ ಬಾಯಲ್ಲಿ ಸದಾ ಮೂರು ಶಬ್ದ: ಸ್ಟಾಂಪಿಂಗ್, ಸ್ಲಾಟ್, ಡ್ರಾಪ್‌ಬಾಕ್ಸ್. ನಾಮಕರಣದ ಮುಹೂರ್ತವನ್ನು ಪುರೋಹಿತರು ನಿಶ್ಚಯಿಸಿದರೂ ಚೆನ್ನೈ ಕಾನ್ಸುಲೇಟಿನ ಒಪ್ಪಿಗೆ ಬೇಕು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯೇನೋ ಆಯಿತು, ಆದರೆ ವೀಸಾ ಕೆಲಸ ಅಂದು ಶುರುವಾಗಲಿಲ್ಲ. ರಿಬ್ಬನ್ನು ಕತ್ತರಿಸಿದ ಮೇಲೂ ರೈಲು ಹತ್ತುವುದು ತಪ್ಪಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಎಚ್-1ಬಿಗೆ ಒಂದು ಲಕ್ಷ ಡಾಲರು ಶುಲ್ಕವೆಂದು ಘೋಷಣೆಯಾದ ರಾತ್ರಿ, ರಜೆಗೆಂದು ಹೊರಗಿದ್ದವರು ಗಡುವಿನೊಳಗೆ ಮರಳಬೇಕೆಂದು ಎದ್ದುಬಿದ್ದು ಟಿಕೆಟ್ ಹುಡುಕಿದರು. ಹಳೆಯ ವೀಸಾದವರಿಗೆ ಇದು ಅನ್ವಯಿಸುವುದಿಲ್ಲ ಎಂಬ ಸ್ಪಷ್ಟನೆ ಬಂದದ್ದು ಆಮೇಲೆ, ಟಿಕೆಟಿನ ದುಡ್ಡು ಹೋದ ಮೇಲೆ. ಡಿಸೆಂಬರಿನಲ್ಲಿ ಜಾಲತಾಣಗಳ ಬರಹವನ್ನೆಲ್ಲ ಜಾಲಾಡುವ ಹೊಸ ನಿಯಮ ಬಂದು, ಸ್ಟಾಂಪಿಂಗಿಗೆಂದು ಊರಿಗೆ ಬಂದವರ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ಕ್ಯಾಲಿಫೋರ್ನಿಯಾದ ಮನೆಯ ಕಂತು ತುಂಬುತ್ತ, ಅಲ್ಲಿನ ಆಫೀಸಿನ ಹಗಲನ್ನು ಮಲ್ಲೇಶ್ವರದ ರಾತ್ರಿಯಲ್ಲಿ ಕಳೆಯುತ್ತ ಕೂತವರ ಮೇಲೆ ಯಾವ ತಪ್ಪೂ ಇರಲಿಲ್ಲ. ಅವರು ಮಾಡಿದ್ದು ಇಷ್ಟೇ, ಹೊರಗೆ ಬಂದದ್ದು.

ಇನ್ನು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ದೇಶಕ್ಕೆ ಆಪತ್ತು ಬಂದಾಗ? ಸಾಂಕ್ರಾಮಿಕ ಬಂದಾಗ ಬಾಗಿಲು ಹಾಕುವ ಅಧಿಕಾರ ಬೇಡವೇ? ಬೇಕು. ಆದರೆ ಅದನ್ನು ಹೇಗೆ ಬಳಸುತ್ತಾರೆ ಎಂಬುದೂ ಈಗ ಗೊತ್ತಿದೆ. 2020ರ ಏಪ್ರಿಲ್ 3ರಿಂದ ಜಪಾನು ಪಟ್ಟಿ ಮಾಡಿದ ದೇಶಗಳಿಂದ ಬರುವ ವಿದೇಶೀಯರಿಗೆ ಬಾಗಿಲು ಹಾಕಿತು. ಶಾಶ್ವತ ನಿವಾಸಿಗಳಾಗಿದ್ದರೂ, ಅಲ್ಲೇ ಗಂಡ-ಮಕ್ಕಳು ಇದ್ದರೂ, ಆ ದಿನದ ನಂತರ ಹೊರಟವರು ಹೊರಗೇ. ಅದೇ ವಿಮಾನದಲ್ಲಿ ಅದೇ ಸಾಲಿನಲ್ಲಿ ಕುಳಿತು ಬಂದ ಜಪಾನಿನ ನಾಗರಿಕರು ಪರೀಕ್ಷೆ ಮಾಡಿಸಿಕೊಂಡು ಕ್ವಾರಂಟೈನಿಗೆ ಹೋದರು. ಸೋಂಕನ್ನು ತಡೆಯಲು ಪರೀಕ್ಷೆ-ಕ್ವಾರಂಟೈನು ನಾಗರಿಕರ ವಿಷಯದಲ್ಲಿ ಸಾಕು ಎಂದಾದರೆ, ನಿವಾಸಿಗಳ ವಿಷಯದಲ್ಲಿ ಏಕೆ ಸಾಲದು ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ. ಹತ್ತಿರದವರ ಅಂತ್ಯಕ್ರಿಯೆಯಂಥ ಕಾರಣವಿದ್ದರೆ ವಿನಾಯಿತಿ ಇತ್ತು, ಅದಕ್ಕೆ ದಾಖಲೆ ಬೇಕಿತ್ತು. ಎಲ್ಲ ನಿವಾಸಿಗಳೂ ಮರಳುವಂತಾದದ್ದು ಸೆಪ್ಟೆಂಬರ್ 1ರಿಂದ. ಚೌಕದೊಳಗಿನ ಆ ಗೀಟು ಎಷ್ಟು ತೆಳ್ಳಗಿತ್ತು ಎಂಬುದು ಆ ಐದು ತಿಂಗಳಲ್ಲಿ ಕಂಡಿತು. ಇದನ್ನು ನಾನು ಬಚ್ಚಿಡಬಾರದು, ಜಪಾನನ್ನು ಮಾದರಿಯೆಂದು ಮೇಲೆ ಹೊಗಳಿದ್ದೇನಲ್ಲ. ಊಹೆಯನ್ನು ತಿರುಗಿಸುವುದು ಸಾಲದು, ತಿರುಗಿಸಿದ್ದನ್ನು ಇಲಾಖೆಯ ಒಂದು ಸುತ್ತೋಲೆ ಮತ್ತೆ ಹಿಂದಕ್ಕೆ ತಿರುಗಿಸದ ಹಾಗೆ ಕಾನೂನಿನಲ್ಲಿ ಬರೆಯಬೇಕು ಎಂದು ವಾದವನ್ನು ಇಷ್ಟು ಬಿಗಿ ಮಾಡಿಕೊಳ್ಳುತ್ತೇನೆ.

‘ಅವರಿವರ ಮಾತು ಸಾಕು, ನಮ್ಮಲ್ಲಿ?’ ಎಂದು ಕೇಳುವವರಿದ್ದಾರೆ. ನಮ್ಮಲ್ಲೂ ಇದೆ. ಭಾರತದಲ್ಲಿ ಒಂದೇ ಪ್ರವೇಶದ ವೀಸಾ ಇರುವ ವಿದೇಶೀಯರು ಹೋಗಿ ಬರಬೇಕಾದರೆ ವಿದೇಶೀಯರ ನೋಂದಣಿ ಕಚೇರಿಯಿಂದ ರಿಟರ್ನ್ ವೀಸಾ ಪಡೆಯಬೇಕು. 2018ರಿಂದ ಈ ಕಚೇರಿಯ ಕೆಲಸವೆಲ್ಲ ಆನ್‌ಲೈನಿಗೆ ಬಂದಿದೆ. ಆದರೆ ಕರ್ನಾಟಕದ ಮಟ್ಟಿಗೆ ಇದು ತೀರ ಹತ್ತಿರಕ್ಕೆ ಬರುವುದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಮುಂಡಗೋಡದಲ್ಲಿ. 1960ರ ದಶಕದಲ್ಲಿ ನಾವು ಜಾಗ ಕೊಟ್ಟು ಕೂರಿಸಿದ ಟಿಬೆಟನ್ನರ ಮಕ್ಕಳು, ಮೊಮ್ಮಕ್ಕಳು ಅಲ್ಲಿದ್ದಾರೆ. ಮುಸುಕಿನ ಜೋಳದ ಬೆಲೆ ಕುಸಿದರೆ ಪಕ್ಕದ ಹೊಲದ ಗೌಡರ ಜೊತೆ ಕನ್ನಡದಲ್ಲೇ ಬೈದುಕೊಳ್ಳುವವರು. ವಿದೇಶಕ್ಕೆ ಹೋಗಬೇಕಾದರೆ ಇವರ ಕೈಯಲ್ಲಿ ಪಾಸ್‌ಪೋರ್ಟಿಲ್ಲ, ಭಾರತ ಸರ್ಕಾರ ಕೊಡುವ ಹಳದಿ ಬಣ್ಣದ ಗುರುತಿನ ಪುಸ್ತಕ. ಅದರಲ್ಲಿ ಭಾರತಕ್ಕೆ ಮರಳಲು ನಮ್ಮ ಆಕ್ಷೇಪಣೆಯಿಲ್ಲ ಎಂಬ ಮೊಹರು ಇರಬೇಕು. ಅದಕ್ಕೆ ‘ನೋರಿ’ ಎನ್ನುತ್ತಾರೆ. ಹೊರಡಲು ಪರವಾನಗಿ, ಮರಳಲು ವೀಸಾ ಬೇರೆ. ಕುಶಾಲನಗರದ ಆಸ್ಪತ್ರೆಯಲ್ಲಿ ಹುಟ್ಟಿದವರು ಕುಶಾಲನಗರಕ್ಕೆ ಮರಳುವುದರ ಬಗ್ಗೆ ಯಾರಿಗೆ ಆಕ್ಷೇಪ ಇರಬಹುದಿತ್ತು ಎಂಬುದನ್ನು ಮೊಹರು ಹೇಳುವುದಿಲ್ಲ. ಪೌರತ್ವ ಕಾನೂನಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟನ್ನರಿಗೂ ಅನ್ವಯ ಎಂದು 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಹೇಳಿದವು. 2017ರಲ್ಲಿ ವಿದೇಶಾಂಗ ಸಚಿವಾಲಯ ಅಂಥವರಿಗೆ ಪಾಸ್‌ಪೋರ್ಟ್ ಕೊಡಲು ಒಪ್ಪಿತು. ಜೊತೆಗೆ ಷರತ್ತುಗಳನ್ನೂ ಹಾಕಿತು, ಅದರಲ್ಲೊಂದು ಅರ್ಜಿದಾರರು ಟಿಬೆಟನ್ ಶಿಬಿರದಲ್ಲಿ ವಾಸವಿರಬಾರದು ಎಂಬುದು. ಹಾಗೆ ಪಾಸ್‌ಪೋರ್ಟ್ ಪಡೆದವರು ಯಾರ ಮೊಹರೂ ಇಲ್ಲದೆ ಭಾರತದ ಯಾವ ಊರಿಗೆ ಬೇಕಾದರೂ ಮರಳಿ ಹೋಗಿ ಮನೆ ಮಾಡಬಹುದಿತ್ತು, ಬೈಲಕುಪ್ಪೆಯಂಥ ಶಿಬಿರಗಳನ್ನು ಬಿಟ್ಟು.